ಚಿಕ್ಕತಾಯಮ್ಮನ ಹುಳುವಿನಲ್ಲಿ ಕಂಡ ಹಸಿರು

ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. ರಾಮನಗರದ ಸಣ್ಣದೊಂದು ಪ್ರಯೋಗಾಲಯದಲ್ಲಿ ರೇಷ್ಮೆ ಹುಳುವಿನ ರೋಗ ಪತ್ತೆ ಮಾಡುವ ವಿಭಾಗಕ್ಕೆ ನಾನು ಮುಖ್ಯಸ್ಥೆ. ವಿಭಾಗ ಎಂದರೆ ನಾನು, ಟೆಕ್ನಿಷಿಯನ್ ಶಿವಣ್ಣ ಮತ್ತು ಒಂದು ಫ್ಲೋರೆಸೆನ್ಸ್ ಮೈಕ್ರೋಸ್ಕೋಪು, ಅಷ್ಟೇ. ಆ ಮೈಕ್ರೋಸ್ಕೋಪಿನ ಮೇಲೆ ಧೂಳು ಕೂತರೆ ಶಿವಣ್ಣನಿಗೆ ಮಧ್ಯಾಹ್ನದ ಮುದ್ದೆ ಇಳಿಯದಂತೆ ಬೈಯುತ್ತಿದ್ದೆ. ಅಷ್ಟು ಹೆಮ್ಮೆ ನನಗೆ.

ಹೆಮ್ಮೆಗೆ ಕಾರಣವೂ ಇತ್ತು. ಹಾಲುತೊಂಡೆ ಎಂಬುದು ರೇಷ್ಮೆ ಹುಳುವಿಗೆ ಬರುವ ವೈರಸ್ ರೋಗ. ಹುಳು ಊದಿಕೊಂಡು ಮೈಯಿಂದ ಹಾಲಿನಂಥ ದ್ರವ ಸುರಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದರೆ ಅದಕ್ಕೂ ಮೊದಲೇ, ಸೋಂಕು ತಗುಲಿದ ರಕ್ತಕೋಶದ ಮೇಲೆ ವೈರಸ್ಸಿನ ಒಂದು ಪ್ರೋಟೀನು ಕಾಣಿಸಿಕೊಳ್ಳುತ್ತದೆ. ಆ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಸೇರಿಸಿ, ಹುಳುವಿನ ಒಂದು ಹನಿ ರಕ್ತಕ್ಕೆ ಹಾಕಬೇಕು. ನೀಲಿ ಬೆಳಕಿನಲ್ಲಿ ನೋಡಿದರೆ ರೋಗದ ಕೋಶ ಹಸಿರಾಗಿ ಹೊಳೆಯುತ್ತದೆ, ಆರೋಗ್ಯದ ಕೋಶ ಕಪ್ಪಾಗಿಯೇ ಉಳಿಯುತ್ತದೆ. ಕೋಶ ಇನ್ನೂ ಜೀವಂತ ಇರುವಾಗಲೇ ರೋಗ ಹೇಳಿಬಿಡಬಹುದು.

ಆ ಮಳೆಗಾಲದಲ್ಲಿ ಸಾತನೂರು ಕಡೆ ಹಾಲುತೊಂಡೆ ಹಬ್ಬಿತ್ತು. ಅಲ್ಲಿನ ಒಂದು ಹಳ್ಳಿಯಲ್ಲಿ ಚಿಕ್ಕತಾಯಮ್ಮ ಎಂಬಾಕೆ ಚಾಕಿ ಮನೆ ನಡೆಸುತ್ತಿದ್ದರು. ಮೊಟ್ಟೆಯೊಡೆದ ಮರಿಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವುದು ಆಕೆಯ ಕೆಲಸ. ಹುಳು ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹನ್ನೊಂದು ಮನೆಯವರು ಆಕೆಯಲ್ಲಿ ಬಿಟ್ಟು ಬೇರೆಲ್ಲೂ ಹುಳು ಕೊಳ್ಳುತ್ತಿರಲಿಲ್ಲ. "ಚಿಕ್ಕತಾಯಮ್ಮನ ಕೈಗುಣ" ಎಂದರೆ ಆ ಸುತ್ತಿನಲ್ಲಿ ಬೇರೆ ಮಾತೇ ಬೇಕಿರಲಿಲ್ಲ.

ಎಲ್ಲ ಚಾಕಿ ಮನೆಗಳಲ್ಲೂ ಶಿವಣ್ಣನೇ ಗ್ಲೌಸ್ ಹಾಕಿಕೊಂಡು ರಕ್ತ ತೆಗೆಯುತ್ತಿದ್ದ. ಚಿಕ್ಕತಾಯಮ್ಮ ಮಾತ್ರ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿದರು. "ಹೊರಗಿನೋರ ಕೈ ನನ್ ಹುಳಕ್ಕೆ ಸೋಕ್ಬಾರ್ದು ಕಣಪ್ಪ. ಹೆಂಗೆ ಅಂತ ಹೇಳು, ನಾನೇ ತೆಗ್ದುಕೊಡ್ತೀನಿ" ಎಂದರಂತೆ. ಅವನು ಹೇಳಿಕೊಟ್ಟ. ಆಕೆ ಹುಳುವಿನ ಕಾಲು ಚುಚ್ಚಿ, ಹನಿ ಹನಿಯಾಗಿ ಹಿಂಡಿ ಕೊಳವೆಗೆ ತುಂಬಿಕೊಟ್ಟರು.

ಮಧ್ಯಾಹ್ನ ಸ್ಲೈಡು ನೋಡಿದೆ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಮಾರನೇ ದಿನ ಬೆಳಗ್ಗೆ ಹನ್ನೊಂದು ಮನೆಯವರು ಬಂದು ಹುಳು ಒಯ್ಯುವವರಿದ್ದರು. ವೈರಸ್ ಇದೆಯೇ ಎಂದು ಖಚಿತಪಡಿಸುವ ಪಿಸಿಆರ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರೆ ಎರಡು ದಿನ ಬೇಕು. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪ್ರತಿ ಮಾದರಿಗೂ ಬಣ್ಣ ಹಾಕದ ಒಂದು ಸ್ಲೈಡು ಮಾಡಿ ಪಕ್ಕದಲ್ಲಿಟ್ಟು ನೋಡಬೇಕೆಂಬುದು ನಿಯಮ. ಅವತ್ತು ಅದನ್ನು ಮಾಡದೆ, ನಮ್ಮಲ್ಲೇ ಸಾಕಿದ ಆರೋಗ್ಯದ ಹುಳುವಿನ ಸ್ಲೈಡೊಂದನ್ನು ನೋಡಿ, ಅದು ಕಪ್ಪಗಿದೆ, ಸಾಕು ಎಂದುಕೊಂಡೆ. ಅರ್ಧ ಗಂಟೆ ಉಳಿಯಿತು.

ಸಂಜೆಯೊಳಗೆ ಅಲ್ಲಿಗೆ ಹೋದೆವು. ಚಿಕ್ಕತಾಯಮ್ಮ ಒಂದು ತಟ್ಟೆ ತಂದು ನನ್ನ ಮುಂದೆ ಹಿಡಿದರು. "ನೋಡಿ ಮೇಡಂ, ಒಂದಾದ್ರೂ ಮಂಕಾಗೈತಾ? ಎಂಗ್ ಮೇಯ್ತಾ ಅವೆ. ಇನ್ನೊಂದ್ ಕಿತ ನೋಡಿ, ನಿಮ್ಮ ದಮ್ಮಯ್ಯ."

"ಇದು ಬರಿಗಣ್ಣಿಗೆ ಕಾಣೋದಲ್ಲಮ್ಮ" ಎಂದೆ ನಾನು. ಆ ಧ್ವನಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ರೋಗ ಹಬ್ಬದಂತೆ ಎಲ್ಲವನ್ನೂ ಹೂಳಲು ಹೇಳಿದೆ. ಹಿತ್ತಲಲ್ಲಿ ಗುಂಡಿ ತೋಡಿ, ಹುಳುವನ್ನೆಲ್ಲ ಸುರಿದು, ಸುಣ್ಣ ಹಾಕಿ ಮುಚ್ಚಿದರು. ಮುಚ್ಚುವಾಗಲೂ ಅವು ಸೊಪ್ಪು ಕಚ್ಚಿಕೊಂಡೇ ಇದ್ದವು. ಆಕೆ ಅಳಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾಲ್ಕು ದಿನ ಕಳೆಯಿತು. ಮನೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು, ಎಲ್ಲರಂತೆ ಅರಿಶಿನ ಒತ್ತಿ ಕೆಲಸಕ್ಕೆ ಬಂದೆ. ಸ್ಲೈಡು ಸರಿಮಾಡುವಾಗ ಆ ಬೆರಳು ನೀಲಿ ಬೆಳಕಿಗೆ ಸಿಕ್ಕಿತು. ಗಾಯದ ಅಂಚು ಹಸಿರಾಗಿ ಹೊಳೆಯಿತು. ಅದೇ ಹಸಿರು.

"ಶಿವಣ್ಣ, ಅವತ್ತು ಆಯಮ್ಮನ ಕೈ ಹೆಂಗಿತ್ತು?"

"ಹಳದಿಯಾಗಿತ್ತು ಮೇಡಂ. ಹುಳ ಮುಟ್ಟೋಕೆ ಮುಂಚೆ ಅರಿಶಿಣ ಹಚ್ಕೊಂಡೇ ಒಳಕ್ಕೋಗದು ಅವ್ರು."

ಫ್ರಿಜ್ಜಿನಲ್ಲಿ ಆಕೆಯ ಹುಳುವಿನ ರಕ್ತ ಒಂದಿಷ್ಟು ಉಳಿದಿತ್ತು. ಏನೂ ಬಣ್ಣ ಹಾಕದೆ ನೋಡಿದೆ. ಹಸಿರು. ಬರೀ ನೀರಿಗೆ ಅರಿಶಿನ ಕಲಸಿ ನೋಡಿದರೆ ಹೊಳಪು ಅಷ್ಟಕ್ಕಷ್ಟೆ. ನಮ್ಮ ಹುಳುವಿನ ಜೀವಂತ ರಕ್ತಕ್ಕೆ ಸೋಕಿಸಿದರೆ ಅದು ಕೋಶದೊಳಗೆ ಇಳಿದು, ಪ್ರೋಟೀನಿಗೆ ಅಂಟಿ, ಬೆಳಗಿಬಿಡುತ್ತದೆ. ತೊಳೆದರೂ ಹೋಗುವುದಿಲ್ಲ. ಆಕೆಯ ಹುಳುವಿನ ಉಳಿದ ರಕ್ತವನ್ನು ಬೆಂಗಳೂರಿಗೆ ಕಳಿಸಿದೆ, ಎರಡು ದಿನಕ್ಕೆ ಪಿಸಿಆರ್ ವರದಿಯೂ ಬಂತು. ವೈರಸ್ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ದಿನಾ ಸಾರಿಗೆ ಅರಿಶಿನ ಹಾಕುವ ನನಗೆ ಅದು ಹೊಳೆಯಲಿಲ್ಲ.

ಮೇಲಧಿಕಾರಿ, "ಪತ್ರ ಬರೆದು ಮುಗಿಸಿ" ಎಂದರು. ಮನಸ್ಸು ಒಪ್ಪಲಿಲ್ಲ, ನಾನೇ ಹೋದೆ. ಚಿಕ್ಕತಾಯಮ್ಮ ಪೂರ್ತಿ ಕೇಳಿಸಿಕೊಂಡು, ಬೈಯದೆ ಹೇಳಿದ್ದು ಇಷ್ಟೇ: "ನಂಗೇಳಿ ಏನ್ ಬಂತು ಮೇಡಂ? ನನ್ ಹುಳ ಚೆಂದಾಗಿದ್ವು ಅಂತ ನಂಗೊತ್ತಿತ್ತು. ನನ್ ಕೈಗುಣ ಕೆಡ್ತು ಅಂತಾವ್ರಲ್ಲ, ಅವ್ರಿಗೇಳಿ."

ಹನ್ನೊಂದು ಮನೆಗೂ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಏಳು ಮನೆಯವರು ನಂಬಿದರು. ಉಳಿದವರು ಕಾಫಿ ಕೊಟ್ಟು ಕಳಿಸಿದರು. ಒಬ್ಬರಂತೂ ಮುಖಕ್ಕೇ ಅಂದರು: "ಹೊಗೆ ಆಡ್ತು ಅಂದ್ಮೇಲೆ ಒಸಿನಾದ್ರೂ ಬೆಂಕಿ ಇರ್ಬೇಕಲ್ವಾ ಮೇಡಂ?" ಆ ನಾಲ್ಕು ಮನೆ ಮತ್ತೆ ಆಕೆಯ ಹತ್ತಿರ ಬರಲೇ ಇಲ್ಲ.

ಅಲ್ಲಿಂದ ಮುಂದೆ ನಿವೃತ್ತಿಯವರೆಗೂ, ಬಣ್ಣ ಹಾಕದ ಸ್ಲೈಡನ್ನು ಮೊದಲು ನೋಡದೆ ನಾನು ಯಾವ ಹಸಿರನ್ನೂ ನಂಬಲಿಲ್ಲ. ಉಪಕರಣ ಸುಳ್ಳು ಹೇಳಿರಲಿಲ್ಲ, ಹೊಳೆಯುವುದನ್ನು ಹೊಳೆಯುತ್ತದೆ ಎಂದು ತೋರಿಸಿತ್ತು ಅಷ್ಟೇ. ಅದು ರೋಗ ಎಂದವಳು ನಾನು. ಬರಿಗಣ್ಣಿನಲ್ಲಿ ನೋಡುವವರ ಮಾತನ್ನೂ ಒಮ್ಮೆ ಕೇಳಬೇಕೆಂದು ಕಲಿತದ್ದೂ ಆಗಲೇ.

ಕಳೆದ ವರ್ಷ ಆ ಕಡೆ ಹೋದಾಗ ಚಾಕಿ ಮನೆ ಹೊಕ್ಕೆ. ಈ ಸಲ ಆಕೆಯೇ ಒಳಗೆ ಕರೆದರು. ಹುಳು ಹರಡುತ್ತಿದ್ದ ಅವರ ಕೈಯಲ್ಲಿ ಹಳದಿ ಇರಲಿಲ್ಲ. ಪಕ್ಕದಲ್ಲಿ ಸೋಪಿತ್ತು.

"ಅರಿಶಿನದಿಂದ ಹುಳಕ್ಕೇನೂ ಆಗಲ್ಲಮ್ಮ, ಹಚ್ಕೊಳ್ಳಿ. ತಪ್ಪು ಅದರದ್ದಲ್ಲ" ಎಂದೆ.

"ಗೊತ್ತೈತೆ ಮೇಡಂ" ಎಂದರು ಚಿಕ್ಕತಾಯಮ್ಮ, ತಟ್ಟೆಯಿಂದ ಕಣ್ಣೆತ್ತದೆ. "ಆದ್ರೂ ಅರಿಶಿಣ ಕೈಗ್ ತಕಂಡ್ರೆ ಆ ಗುಂಡಿ ನೆಪ್ಪಿಗ್ ಬತ್ತದೆ."