ಕಿಟಕಿ ಮಟ್ಟಕ್ಕೆ ನಿಂತ ಗೋಡೆ

ಡಾಕ್ಟರ್ ಸತ್ಯಮಿತ್ರ ಅದುವರೆಗೆ ಆಫ್ರಿಕಾವನ್ನು ನೋಡಿದ್ದು ಒಂದೇ ಒಂದು ಸಲ, ಅದೂ ಒಂದು ವಾರದ ಮಟ್ಟಿಗೆ. ಆ ವಾರದ ಅರ್ಧ ಭಾಗ ಹೊಟ್ಟೆ ಕೆಟ್ಟು ಅಲ್ಲಿನ ಪಾದ್ರಿಯ ಮನೆಯಲ್ಲಿ ಮಲಗಿದ್ದ, ಉಳಿದರ್ಧ ಫೋಟೋ ತೆಗೆದ. ಆಸ್ಟ್ರೇಲಿಯಾದ ಪರ್ತ್‌ಗೆ ವಾಪಸಾದವನು ಚರ್ಚಿನ ಹಾಲ್‌ನಲ್ಲಿ ದೀಪ ಆರಿಸಿ, "ನಾನು ಆ ಜನರ ನಡುವೆ ಬದುಕಿದವನು" ಎಂದು ಶುರುಮಾಡಿದಾಗ, ಪಕ್ಕದಲ್ಲಿ ಪ್ರೊಜೆಕ್ಟರಿಗೆ ಸ್ಲೈಡ್ ಹಾಕುತ್ತಿದ್ದ ಹೆಂಡತಿ ಸುಲೋಚನಾ ಉಕ್ಕಿ ಬಂದ ನಗುವನ್ನು ಕೆಮ್ಮಿನಲ್ಲಿ ಮರೆಸಿದಳು.

ಅದು ೧೯೭೬. ಜಾಂಬಿಯಾದ ಒಂದು ಹಳ್ಳಿಯಲ್ಲಿ ರೈತ ಕುಟುಂಬಗಳಿಗಾಗಿ ಕ್ರೈಸ್ತ ಸಮುದಾಯ ಕೇಂದ್ರವೊಂದನ್ನು ಕಟ್ಟಿಸುವುದಾಗಿ ಸತ್ಯಮಿತ್ರ ಪಣ ತೊಟ್ಟಿದ್ದ. ಭಾನುವಾರ ಪ್ರಾರ್ಥನೆ, ವಾರದ ದಿನ ಓದುಬರಹ, ದೂರದಿಂದ ನಡೆದು ಕ್ಲಿನಿಕ್ಕಿಗೆ ಬರುವ ತಾಯಿ ಮಕ್ಕಳಿಗೆ ಉಳಿಯಲು ಜಾಗ. "ಪರ್ಮನೆಂಟ್ ಸೆಂಟರ್" ಎನ್ನುವಾಗ ಆ ಪರ್ಮನೆಂಟನ್ನು ಅವನು ಸಂಗೀತದವರ ಹಾಗೆ ಎಳೆಯುತ್ತಿದ್ದ. ಆ ಕಾಲಕ್ಕೆ ಅವನ ಸ್ವಂತ ಕೆಲಸವೇ ಪರ್ಮನೆಂಟ್ ಆಗಿರಲಿಲ್ಲ. ಪ್ರೊಜೆಕ್ಟರಿನ ಹಿಂದಿನ ಬೆಂಚಿನಲ್ಲಿ ಕೂತ ಮಗಳು ಮಾತ್ರ ಅಮ್ಮನ ಕಡೆ ಬಗ್ಗಿ, "ಮಮ್, ಡ್ಯಾಡ್ ಈಸ್ ಡೂಯಿಂಗ್ ದಟ್ ವಾಯ್ಸ್ ಅಗೇನ್" ಎಂದಳು.

ಗಂಡ ಹೆಂಡತಿ ಇಬ್ಬರೂ ತುಮಕೂರು ಕಡೆಯ ಒಂದು ಮಿಷನ್ ಕಾಂಪೌಂಡಿನಲ್ಲಿ ಬೆಳೆದವರು. ಪರದೇಶದ ದಾನಿಗಳು ಬರುವ ದಿನ ಹಾಸ್ಟೆಲಿನ ಮೇಟ್ರನ್ ಮಕ್ಕಳ ಒಳ್ಳೆಯ ಬಟ್ಟೆ ಬಿಚ್ಚಿಸಿ, ಹರಕಲು ತೊಡಿಸಿ, ಹಲ್ಲು ಕಾಣಿಸಬಾರದೆಂದು ಎಚ್ಚರಿಸಿ ಕ್ಯಾಮೆರಾದ ಮುಂದೆ ನಿಲ್ಲಿಸುತ್ತಿದ್ದಳು. ಆ ಸಾಲಿನಲ್ಲಿ ಸತ್ಯಮಿತ್ರನೂ ನಿಂತಿದ್ದ. ಈಗ ಮೇಟ್ರನ್ನಿನ ಬುದ್ಧಿಯನ್ನೇ ಸೂಟಿನೊಳಗೆ ಹೊತ್ತು ತಿರುಗುತ್ತಿದ್ದಾನೆ ಎನ್ನಿಸಿತು ಸುಲೋಚನಾಗೆ. ಮನೆಗೆ ಬರುವಾಗ ಕಾರಿನಲ್ಲಿ ಕೇಳಿಯೂ ಬಿಟ್ಟಳು.

"ನಮ್ಮನ್ನೂ ಹೀಗೇ ನಿಲ್ಲಿಸ್ತಿದ್ರು. ಮರ್ತ್ಬಿಟ್ರಾ?"

"ಅದ್ರಿಂದಾನೇ ಅಲ್ವಾ ನಾವು ಉದ್ಧಾರ ಆಗಿದ್ದು?" ಎಂದ ಅವನು, ತುಂಬ ಪ್ರಾಮಾಣಿಕವಾಗಿ.

ಸತ್ಯಮಿತ್ರನ ಕೆಲಸ ಬ್ರಿಸ್ಬೇನಿಗೆ ಬದಲಾದಾಗ ಆಫ್ರಿಕಾವೂ ಸಾಮಾನಿನ ಜೊತೆ ಲಾರಿ ಹತ್ತಿತು. ಅಲ್ಲಿ ಹೊಸ ಕಮಿಟಿ ಹುಟ್ಟಿತು. ನಕ್ಷೆ ಬೆಳೆಯಿತು: ಗಂಟೆ ತೂಗುಹಾಕಲೊಂದು ಟವರ್, ಬಣ್ಣದ ಗಾಜಿನ ಕಿಟಕಿ, ಬಾಗಿಲ ಪಕ್ಕ ಕಮಿಟಿಯವರ ಹೆಸರು ಕೆತ್ತಿದ ಕಲ್ಲು. ಟವರಿನ ತುದಿಗೆ ಕಬ್ಬಿಣದ ಶಿಲುಬೆಯೋ ಮರದ್ದೋ ಎಂಬುದರ ಮೇಲೆ ಒಂದು ಇಡೀ ಚಳಿಗಾಲ ಕಳೆಯಿತು. ಮೊದಲು ಕಳಿಸಿದ ಹಣದಲ್ಲಿ ಹಳ್ಳಿಯಲ್ಲಿ ಎದ್ದಿದ್ದ ಗೋಡೆ ಮಾತ್ರ ಎದ್ದಷ್ಟೇ ಎದ್ದು ನಿಂತಿತ್ತು.

ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಹಾಲ್‌ನಲ್ಲಿ ಪ್ರದರ್ಶನ ಮುಗಿದ ಮೇಲೆ ಪರಿಚಯದ ಡಾಕ್ಟರ್ ಪಂಚಾಕ್ಷರಿಯವರ ಹೆಂಡತಿ ವಿಶಾಲಾಕ್ಷಿ ಸ್ಯಾಂಡ್‌ವಿಚ್ ಹಿಡಿದು ಹತ್ತಿರ ಬಂದರು. ಚರ್ಚಿಗೂ ಅವರಿಗೂ ಸಂಬಂಧವಿಲ್ಲ, ಕನ್ನಡದವರ ಕಾರ್ಯಕ್ರಮವೆಂದು ಬಂದವರು.

"ಏನ್ರೀ ಸುಲೋಚನಾ, ಕಟ್ತಾನೇ ಇದೀರಲ್ಲ. ಎಲ್ಲೀವರ್ಗೂ ಬಂತು?"

"ಕಿಟಕಿ ಮಟ್ಟಕ್ಕೆ."

"ಹೋದ್ವರ್ಷಾನೂ ಅಲ್ಲೇ ಇತ್ತಲ್ಲ?"

"ಟವರ್ ತೀರ್ಮಾನ ಆಗ್ಬೇಕಂತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸ್ಯಾಂಡ್‌ವಿಚ್ ಮುಗಿಸಿದರು.

ಮೂರನೆಯ ಊರು ಅಡಿಲೇಡ್. ಅಲ್ಲಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿ ಮನೆ ಮಾಡಿದರು. ಸುಲೋಚನಾ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಿದಳು. ೧೯೮೩ರ ಒಂದು ಭಾನುವಾರ ಅಲ್ಲಿನ ಚರ್ಚಿನಲ್ಲೂ ಸ್ಲೈಡ್ ಓಡುತ್ತಿತ್ತು. ಹಣೆ ಸುಕ್ಕುಗಟ್ಟಿದ ಒಬ್ಬ ಮುದುಕಿ ತೆರೆಯ ಮೇಲೆ ಬಂದಾಗ ಸತ್ಯಮಿತ್ರ ದನಿ ತಗ್ಗಿಸಿ, "ಇದು ಹಸಿವಿನ ಮುಖ" ಎಂದ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಹೆರಿಗೆ ನರ್ಸಿಂಗಿನ ತರಬೇತಿಗೆಂದು ಜಾಂಬಿಯಾದಿಂದ ಬಂದಿದ್ದ ಎಸ್ತರ್.

"ಅವರು ನನ್ನ ಅತ್ತೆ," ಎಂದಳು ಎಸ್ತರ್ ತಣ್ಣಗೆ, ಇಂಗ್ಲಿಷಿನಲ್ಲಿ. "ಅದು ಹಸಿವಲ್ಲ, ಸಿಟ್ಟು. ಫೋಟೋ ತೆಗೆಯುವಾಗ ಡಾಕ್ಟರು ಅವರು ಒಣಗಲು ಹರಡಿದ್ದ ಮೆಕ್ಕೆಜೋಳ ತುಳಿದುಕೊಂಡು ನಿಂತಿದ್ದರಂತೆ. ಇವತ್ತಿಗೂ ಬೈತಾರೆ."

ಬೇರೆ ಯಾರೇ ಆಗಿದ್ದರೂ ಪ್ಲಗ್ ಕಿತ್ತು ಮನೆಗೆ ಹೋಗುತ್ತಿದ್ದರು. ಸತ್ಯಮಿತ್ರ ಎರಡೂ ಕೈ ಮೇಲೆತ್ತಿ, ಆ ಊರಿನವಳನ್ನೇ ಇಲ್ಲಿಗೆ ಕರೆತಂದ ದೇವರ ಚಿತ್ತವನ್ನು ಹೊಗಳಿದ. ಆಮೇಲೆ ಅವಳ ಜೊತೆ ನಿಂತು ಫೋಟೋ ತೆಗೆಸಿಕೊಂಡ.

ಸುಲೋಚನಾ ಎಸ್ತರ್‌ಳನ್ನು ಊಟಕ್ಕೆ ಕರೆದಳು. ಅಡುಗೆಮನೆಯಲ್ಲಿ ಎಸ್ತರ್ ಈರುಳ್ಳಿ ಹೆಚ್ಚುತ್ತ ಹೇಳಿದಳು: "ಗೋಡೆಯ ಒಂದು ಮೂಲೆ ಕುಸಿದಿದೆ. ಒಳಗೆ ಆಡುಗಳು ಮಲಗುತ್ತವೆ. ಬಸುರಿಯರು ಹೊರಗೆ ಮಲಗುತ್ತಾರೆ. ನಮಗೆ ಟವರ್ ಬೇಡ, ಒಂದು ಸೂರು ಹಾಕಿಕೊಡಿ, ನೀರು ಹಿಡಿಯುವುದಕ್ಕೊಂದು ಟ್ಯಾಂಕು."

ಅಡಿಲೇಡಿನ ಕಮಿಟಿಯ ಮುಂದಿನ ಸಭೆಯಲ್ಲಿ ಸುಲೋಚನಾ ಎದ್ದು ಅದನ್ನೇ ಹೇಳಿದಳು. ವಿಚಿತ್ರವೆಂದರೆ ಯಾರೂ ವಿರೋಧಿಸಲಿಲ್ಲ. ಕಮಿಟಿಯವರಿಗೂ ಆಫ್ರಿಕಾ ಸಾಕುಸಾಕಾಗಿತ್ತು, ಬಿಡುವುದಕ್ಕೊಂದು ನೆಪ ಬೇಕಿತ್ತು. ನಿಂತು ಕಟ್ಟಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ತಮ್ಮತಮ್ಮ ಬೂಟು ನೋಡಿಕೊಂಡರು. "ನಾನು ಹೋಗ್ತೀನಿ" ಎಂದಳು ಸುಲೋಚನಾ.

ಮನೆಯಲ್ಲಿ ಸತ್ಯಮಿತ್ರ ಮುಖ ಊದಿಸಿಕೊಂಡು ಕೂತ. "ಸುಲು, ಇದು ವಿಷನ್ ಬೇಕಾಗಿರೋ ಕೆಲ್ಸ."

"ಇಷ್ಟು ವರ್ಷ ನಿಮ್ಮ ವಿಷನ್ನೆಲ್ಲಾ ನನ್ನ ಕೈಯಿಂದಾನೇ ತೆರೆ ಮೇಲೆ ಹೋಗಿರೋದು ರೀ. ನಂಗೆ ಬಾಯಿಪಾಠ ಆಗಿದೆ."

೧೯೮೫ರಲ್ಲಿ, ಮಗಳು ಓದಲೆಂದು ಬೇರೆ ಊರಿಗೆ ಹೋಗಿ, ಎಸ್ತರ್ ತನ್ನ ಊರು ಸೇರಿಕೊಂಡ ಮೇಲೆ, ಸುಲೋಚನಾ ಹೊರಟಳು. ಅಲ್ಲಿಯೂ ಒಬ್ಬ ಸತ್ಯಮಿತ್ರ ಕಾದಿದ್ದ. ಹಳ್ಳಿಯ ಪಾದ್ರಿಗೆ ಮೊದಲು ಬೀಗವಿರುವ ಆಫೀಸು ರೂಮು ಬೇಕಿತ್ತು. ಹೆಂಗಸರಿಗೆ ಒಲೆಯ ಜಾಗ ಎಲ್ಲಿ ಎಂಬ ಜಗಳ. ಮೊದಲ ಸಲ ತರಿಸಿದ ತಗಡು ಗಿಡ್ಡವಾಯಿತು, ಅದು ಸುಲೋಚನಾಳದೇ ತಪ್ಪು. ಎಸ್ತರ್‌ಳ ಅತ್ತೆ ಎಲ್ಲರ ಎದುರು ಬೈದು, ಆಮೇಲೆ ತಟ್ಟೆ ತುಂಬ ಬಡಿಸಿದಳು. ದಿನವಿಡೀ ಮರಳು ಹೊತ್ತು, ಗಂಟಲು ಒಡೆಯುವಷ್ಟು ವಾದ ಮಾಡಿ ಮಲಗಿದರೆ ಗಾಢ ನಿದ್ದೆ. ಮೂರು ಊರುಗಳ ಕತ್ತಲೆ ಹಾಲ್‌ಗಳಲ್ಲಿ ಬಾಯಿ ಮುಚ್ಚಿ ನಿಂತ ಹೆಂಗಸು ತಾನೇನಾ ಎಂದು ಅವಳಿಗೇ ಆಶ್ಚರ್ಯವಾಗುತ್ತಿತ್ತು. ಮಳೆಗೆ ಮುಂಚೆ ಸೂರು ಏರಿತು. ಪಾದ್ರಿಗೆ ಆಫೀಸು ಸಿಗಲಿಲ್ಲ.

ಉದ್ಘಾಟನೆಗೆ ಸತ್ಯಮಿತ್ರ ಸೂಟು ತೊಟ್ಟು ಬಂದಿಳಿದ. ಬಿಸಿಲಲ್ಲಿ ಬೆವರುತ್ತ, ಪರ್ತ್‌ನಲ್ಲಿ ತನಗೆ ಬಿದ್ದ ಕನಸಿನಿಂದ ಶುರುಮಾಡಿ ಬಹಳ ಹೊತ್ತು ಮಾತಾಡಿ, ಅನುವಾದಕ್ಕೆಂದು ನಿಲ್ಲಿಸಿದ. ಎಸ್ತರ್ ತಮ್ಮ ಭಾಷೆಯಲ್ಲಿ ಒಂದೇ ವಾಕ್ಯ ಹೇಳಿದಳು. ಜನ ಗೊಳ್ಳೆಂದು ನಕ್ಕರು. ಸತ್ಯಮಿತ್ರನೂ ಸಂತೋಷದಿಂದ ನಕ್ಕು ಮುಂದುವರಿಸಿದ.

ವೇದಿಕೆ ಇಳಿದು ಬಂದ ಮೇಲೆ ಹೆಂಡತಿಯನ್ನು ಕೇಳಿದ: "ಅಷ್ಟನ್ನೂ ಒಂದೇ ಮಾತಲ್ಲಿ ಹೇಳ್ಬಿಟ್ಳಲ್ಲ, ಏನಂದ್ಳು?"

ಸುಲೋಚನಾ ಅಷ್ಟರಲ್ಲಿ ಆ ಭಾಷೆಯನ್ನು ಅಲ್ಪಸ್ವಲ್ಪ ಕಲಿತಿದ್ದಳು. "ಊಟ ತಣ್ಣಗಾಗಲ್ಲ, ಇನ್ನೊಂಚೂರು ತಡ್ಕೊಳ್ಳಿ, ಅಂದ್ಳು."

ಅವನು ಎರಡೇ ದಿನದಲ್ಲಿ ವಾಪಸು ಹೊರಟ. ಟ್ಯಾಂಕಿನ ಕೆಲಸ ಬಾಕಿಯಿದೆಯೆಂದು ಅವಳು ಉಳಿದಳು. ಅಡಿಲೇಡಿನಲ್ಲಿ ಸತ್ಯಮಿತ್ರ, ಹೆಂಡತಿಯನ್ನು ತಾನೇ ಸೇವೆಗೆ ಬಿಟ್ಟುಕೊಟ್ಟಿರುವುದಾಗಿ ಹೇಳಿಕೊಂಡು ತಿರುಗಿದ. ಜನ ಅವನ ತ್ಯಾಗವನ್ನು ಮೆಚ್ಚಿ, ಪಾಪ, ಒಂಟಿ ಎಂದು ಸರದಿಯ ಮೇಲೆ ಊಟ ತಂದುಕೊಟ್ಟರು. ಮಾರನೆಯ ವರ್ಷ ಟ್ಯಾಂಕು ಮುಗಿಸಿ ಅವಳು ಮರಳಿ ಬಂದು ಅದೇ ವೃದ್ಧಾಶ್ರಮದ ಕೆಲಸಕ್ಕೆ ಸೇರಿದಳು. ಸಂಸಾರ ಎಂದಿನಂತೆ ನಡೆಯಿತು. ರಜೆ ಕೂಡಿದಾಗಲೆಲ್ಲ ಜಾಂಬಿಯಾಕ್ಕೆ ಹೋಗಿ ಬರುತ್ತಿದ್ದಳು. ಗಂಡನನ್ನು ಕರೆಯಲಿಲ್ಲ. ಅವನೂ ಬರುತ್ತೇನೆ ಎನ್ನಲಿಲ್ಲ.