ಹದಿನೇಳನೇ ಬಾಟಲಿ

ಮೋರಟಗಿಯ ಸೂಲಗಿತ್ತಿ ಅಮೀನಾಬಿಗೆ ಒಂದು ಉತ್ತರ ಕೊಡುವುದು ಬಾಕಿ ಉಳಿದಿದೆ. ರೊಕ್ಕದ ಬಾಕಿಯಾಗಿದ್ದರೆ ಆಕೆ ಎಂದೋ ಬಿಟ್ಟುಬಿಡುತ್ತಿದ್ದಳು. ಹೆರಿಗೆಗೆ ಕರೆದವರು ಒಂದು ಸೇರು ಜೋಳ ಕೊಟ್ಟರೂ ಸೈ, ಬರಿಗೈಲಿ ಕಳಿಸಿದರೂ ಸೈ, ಮುಂದಿನ ಬಸಿರಿಗೆ ಮತ್ತೆ ಅದೇ ಮನೆಗೆ ಹೋಗುವ ಹೆಂಗಸು. ಈ ಬಾಕಿಯನ್ನು ಮಾತ್ರ ಬಿಡಲಿಲ್ಲ.

ಮೂವತ್ತು ವರ್ಷ ಊರಿನ ಎಲ್ಲ ಓಣಿಗಳ ಕೂಸುಗಳನ್ನೂ ಆಕೆಯೇ ಹಿಡಿದಳು. ಕೈ ಚೊಕ್ಕ, ಬಾಯಿ ಹರಕು. ಬ್ಲೇಡನ್ನು ಕುದಿಯುವ ನೀರಿಗೆ ಹಾಕದೆ ಹೊಕ್ಕುಳ ಮುಟ್ಟುತ್ತಿರಲಿಲ್ಲ. ಚೀರುವ ಹುಡುಗಿಯರಿಗೆ, "ಇಷ್ಟ ಚೀರಿದ್ರ ಕೂಸು ಅಂಜಿ ಒಳಗ ಕುಂದರತೈತಿ, ಸುಮ್ನಿರ" ಅನ್ನುವಳು. ಆದರೆ ಒಂದು ವಿಷಯದಲ್ಲಿ ಊರು ನಡೆದ ದಾರಿಯೇ ಆಕೆಯ ದಾರಿ. ಬಾಣಂತಿಯ ಮೊದಲ ಹಾಲು ಹಳದಿ, ಅಂಟಂಟು. ಎದೆಯಲ್ಲಿ ನಿಂತು ನಿಂತು ಕೆಟ್ಟದ್ದು ಅಂತ ನಂಬಿಕೆ. ಅದನ್ನು ಒಲೆಯ ಬೂದಿಯಲ್ಲಿ ಹಿಂಡಿಸಿ ತಿಪ್ಪೆಗೆ ಹಾಕಿಸುವಳು. ಮೂರು ದಿನ ಕೂಸಿನ ಬಾಯಿಗೆ ಬೆಲ್ಲದ ನೀರಿನಲ್ಲಿ ಅದ್ದಿದ ಅರಿವೆಯ ಬತ್ತಿ.

೧೯೯೫ರಲ್ಲಿ ಭಾಗ್ಯಜ್ಯೋತಿ ಎಂಬ ಹುಡುಗಿ ಸಿಂದಗಿ ಬಸ್ಸಿನಿಂದ ಇಳಿದಳು. ದೂರದ ಊರಿನ ಕಾಲೇಜೊಂದರಲ್ಲಿ ಜೀವರಸಾಯನ ಓದಿ ಸಂಶೋಧನೆಗೆ ಕೈಹಾಕಿದವಳು. ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವ ತಾಯಂದಿರ ಹಾಲಿನಲ್ಲಿ ಏನೇನಿದೆ, ಎಷ್ಟಿದೆ ಎಂದು ಅಳೆಯುವುದು ಆಕೆಯ ಕೆಲಸ. ಐಸು ತುಂಬಿದ ಡಬ್ಬಿ, ನಂಬರು ಹಚ್ಚಿದ ಪುಟ್ಟ ಬಾಟಲಿಗಳು. ಬೇಕಾದದ್ದು ಮೊದಲ ದಿನದ ಹಾಲು.

"ಅದು ಚೆಲ್ಲೂ ಹಾಲ್ರಿ ಅಕ್ಕಾರ, ನಿಮಗ್ಯಾಕ?" ಅಂದಳು ಅಮೀನಾಬಿ.

"ಪರೀಕ್ಷೆ ಮಾಡ್ತೀವಿ ಆಯಿ. ಮಗುವಿಗೆ ಕುಡಿಸೋದೇ ಇಲ್ವಾ?"

"ಕೆಟ್ಟ ಹಾಲು ಯಾರ ಕುಡಸ್ತಾರ್ರಿ. ಒಯ್ರಿ, ನನಗೂ ತಿಪ್ಪಿಗಿ ಹೋಗೂದು ತಪ್ಪತೈತಿ."

ಹುಡುಗಿ ನಕ್ಕಳು. 'ಮೊದಲ ಹಾಲು ಚೆಲ್ಲುತ್ತಾರೆ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದುಕೊಂಡು ಸುಮ್ಮನಾದಳು. ಚೆಲ್ಲುವ ಊರಲ್ಲಿ ಹಾಲು ಸಲೀಸಾಗಿ ಸಿಗುತ್ತದೆ ಅಂತಲೋ, ತನ್ನ ಕೆಲಸ ಬಾಟಲಿ ತುಂಬುವುದಷ್ಟೇ ಅಂತಲೋ, ಆಕೆಗೇ ಗೊತ್ತು. ಕೆಟ್ಟವಳೇನಲ್ಲ. ಬಂದಾಗೆಲ್ಲ ಬಾಣಂತಿಯರಿಗೆ ಬ್ರೆಡ್ಡು ತರುತ್ತಿದ್ದಳು.

ಮುಂಚೆ ಒಬ್ಬಿಬ್ಬರು ಸೊಸೆಯಂದಿರು ಹಾಲು ಚೆಲ್ಲಲು ಹಿಂದೆಮುಂದೆ ನೋಡುತ್ತಿದ್ದರು. ಈಗ ಅವರ ಬಾಯಿ ಮುಚ್ಚಿಸಲು ಅಮೀನಾಬಿಗೆ ಸಾಕ್ಷಿ ಸಿಕ್ಕಿತು: "ಕೂಸಿನ ಬಾಯಿಗೆ ಬಿಡೂ ಹಾಲಾಗಿದ್ರ, ಅಷ್ಟು ಕಲತ ಅಕ್ಕಾರು ಹೇಳ್ತಿದ್ದಿಲ್ಲೇನು? ಡಬ್ಬ್ಯಾಗ ಹಾಕ್ಕೊಂಡು ಒಯ್ತಿದ್ರೇನು?"

ಮರುವರ್ಷ ಬೇಸಿಗೆಯಲ್ಲಿ ಮಗಳು ಸಗೀರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಹುಟ್ಟಿದ ಗಳಿಗೆಯಿಂದ ಬಾಯಿ ತೆರೆದು ಎದೆ ಹುಡುಕುತ್ತಿತ್ತು.

"ಹುಡುಕಾಕತ್ತೈತಿ ಅಮ್ಮಾ. ಒಂದ್ ಸಲ ಹಚ್ಚಲೇನು?"

"ಮೂರು ದಿನ ತಡಿ. ಅಕ್ಕಾರಕಿಂತ ನೀ ಶಾಣ್ಯಾಕಿ ಅಲ್ಲ."

ಅಮೀನಾಬಿಯೇ ಮಗಳ ಹಾಲು ಹಿಂಡಿ ಭಾಗ್ಯಜ್ಯೋತಿಯ ಬಾಟಲಿಗೆ ತುಂಬಿದಳು. ಬಾಟಲಿಯ ಮೇಲೆ ಹದಿನೇಳು ಅಂತ ಇತ್ತು.

ಐದನೇ ದಿನ ಕೂಸಿಗೆ ಭೇದಿ ಹತ್ತಿತು. ಏಳನೇ ದಿನ ಆರಿಫ ಅಂತ ಹೆಸರಿಟ್ಟರು. ಒಂಬತ್ತನೇ ದಿನ ಸಿಂದಗಿ ದವಾಖಾನೆಗೆ ಒಯ್ಯುವ ಜೀಪಿನಲ್ಲೇ ತೀರಿತು. ಅಲ್ಲಾಹನ ಮರ್ಜಿ ಅಂದರು ಎಲ್ಲರೂ, ಅಮೀನಾಬಿಯೂ ಅಂದಳು. ನಲವತ್ತನೇ ಬಾಟಲಿ ತುಂಬಿದ ಮೇಲೆ ಭಾಗ್ಯಜ್ಯೋತಿ ಬರುವುದು ನಿಂತಿತು.

೨೦೦೧ರಲ್ಲಿ ಸೂಲಗಿತ್ತಿಯರಿಗೆ ಸಿಂದಗಿಯಲ್ಲಿ ತರಬೇತಿ. ನರ್ಸ್ ಸಿದ್ದಲಿಂಗವ್ವ ಹೇಳಿದಳು: "ಹುಟ್ಟಿದ ತಾಸಿನೊಳಗ ಹಳದಿ ಹಾಲು ಕುಡಸ್ರಿ. ರೋಗ ತಡಿಯೂ ಶಕ್ತಿ ಅದರಾಗ ಐತಿ. ಅದ ಮೊದಲ ಲಸಿಕಿ."

ಅಮೀನಾಬಿ ಎದ್ದು ನಿಂತಳು. "ಇದು ಯಾವಾಗ ಗೊತ್ತಾತ್ರಿ?"

"ಮೊದಲಿಂದ ಗೊತ್ತಿದ್ದದ್ದ ಆಯಿ, ಪುಸ್ತಕದಾಗ ಐತಿ."

"ಹಂಗಾರ ಬಾಟಲಿ ಒಯ್ದಾಕಿಗೂ ಗೊತ್ತಿತ್ತು."

ಯಾವ ಬಾಟಲಿ ಎಂದು ಸಿದ್ದಲಿಂಗವ್ವನಿಗೆ ತಿಳಿಯಲಿಲ್ಲ. ಅಮೀನಾಬಿ ಅಂದು ಅಲ್ಲಿ ಊಟ ಮಾಡಲಿಲ್ಲ.

ಹಾಲು ಕೊಟ್ಟ ನಲವತ್ತು ತಾಯಂದಿರಿಗೂ ತಾನೇ ಹೇಳಬೇಕು ಅಂತ ಹೊರಟಳು. ಮೊದಲು ಮಗಳ ಮನೆ, ಲಚ್ಯಾಣಕ್ಕೆ. ಸಗೀರಾ ರೊಟ್ಟಿ ಬಡಿಯುತ್ತಿದ್ದಳು. ಪೂರ್ತಿ ಕೇಳಿ, "ನಾ ಕೇಳಿದ್ನಲ್ಲ ಅಮ್ಮಾ, ಹಚ್ಚಲೇನು ಅಂತ" ಅಂದಳು. ಅಷ್ಟೇ. ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.

ಮೋರಟಗಿಯಲ್ಲಿ ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ರಾವಸಾಬ ಎಂಬ ರೈತ, ಈಕೆಯ ಕೈಯಲ್ಲೇ ಹುಟ್ಟಿದವನು, ಅಣಕಿಸಿದ: "ಆಯಿ, ಒಯ್ದ ಹಾಲು ವಾಪಸ್ ತಂದಿಯೇನು?"

"ರಾವಸಾಬ, ನಿನ್ನ ಎಮ್ಮಿ ಈದಾಗ ಗಿಣ್ಣದ ಹಾಲು ಮೊದಲ ಯಾರಿಗೆ ಬಿಡ್ತಿ?"

"ಕರಕ್ಕ."

"ಉಳಿದದ್ದು?"

"ಕಾಸಿ ಓಣಿಗೆಲ್ಲ ಹಂಚತೇವಿ. ನೀನೂ ತಿಂದೀಯಲ್ಲ, ಬೆಲ್ಲ ಕಡಿಮಿ ಆಗೇತಿ ಅಂತ ಬೈಕೋತ."

"ತಿಂದೇನಿ. ಅದೂ ಮೊದಲ ಹಾಲ, ಹಳದಿನ. ಎಮ್ಮಿ ಕರಕ್ಕ ಬಿಟ್ಟದ್ದನ್ನ ಮೊಮ್ಮಗಗ ಬಿಡಲಿಲ್ಲ ನಾ."

ರಾವಸಾಬ ಹೆಂಡತಿಯನ್ನು ಹೊರಗೆ ಕರೆದ.

ಎರಡು ವರ್ಷದ ನಂತರ ಸೂಲಗಿತ್ತಿಯರ ಮಾಸಾಶನಕ್ಕಾಗಿ ತಹಶೀಲ್ದಾರ ಕಚೇರಿ ಮುಂದೆ ಧರಣಿ ಕೂತೆವು; ನಾನು ಅವರ ಸಂಘದ ಕೆಲಸ ನೋಡುತ್ತಿದ್ದವಳು. ಎಲ್ಲರೂ ರೊಕ್ಕ ಕೇಳಿದರು. ಅಮೀನಾಬಿ ಮೈಕು ಹಿಡಿದು ಬಾಟಲಿ ಕೇಳಿದಳು. "ಹದಿನೇಳರಾಗ ಏನಿತ್ತು? ಅದನ್ನ ಕುಡಿದಿದ್ರ ಕೂಸು ಉಳೀತಿತ್ತೇನು? ಇಷ್ಟ ಹೇಳ್ರಿ, ಮಾಸಾಶನ ನನಗ ಬ್ಯಾಡ." ನಮ್ಮವರೇ ನಕ್ಕರು. ಇದು ಇವತ್ತಿನ ಬೇಡಿಕೆ ಅಲ್ಲ ಅಂತ ಸೆರಗು ಜಗ್ಗಿ ಕೂರಿಸಿದವಳು ನಾನೇ. ಆಮೇಲೆ ನಾಚಿಕೆಯಾಗಿ ಭಾಗ್ಯಜ್ಯೋತಿ ಓದಿದ ಆ ಕಾಲೇಜಿಗೆ ಮೂರು ಕಾಗದ ಬರೆದೆ. ಒಂದಕ್ಕೂ ಜವಾಬು ಬರಲಿಲ್ಲ.

ಆಕೆ ಕೊನೆವರೆಗೂ ಹೆರಿಗೆ ಮಾಡಿಸಿದಳು. ಕೂಸನ್ನು ಎದೆಗೆ ಹಚ್ಚಿಯೇ ಉಳಿದ ಕೆಲಸ. ಸಗೀರಾಗೆ ಮತ್ತೆ ಇಬ್ಬರು ಹೆಣ್ಣುಮಕ್ಕಳಾದರು. ಇಬ್ಬರಿಗೂ ಅಜ್ಜಿಯೇ ತಲೆಗೆ ಕೈಕೊಟ್ಟು ಮೊದಲ ಹಾಲು ಕುಡಿಸಿದಳು. ತಾಯಿ ಮಗಳ ನಡುವೆ ಆರಿಫನ ಮಾತು ಮತ್ತೆ ಬರಲಿಲ್ಲ. ೨೦೦೮ರಲ್ಲಿ ಅಮೀನಾಬಿ ತೀರಿಕೊಂಡಳು.

ಹಾಲು ಕುಡಿದಿದ್ದರೆ ಆರಿಫ ಉಳಿಯುತ್ತಿದ್ದ ಅಂತ ನಾನು ಹೇಳಲಾರೆ. ಬಾಟಲಿಯಲ್ಲಿ ಏನಿತ್ತು ಎಂಬುದು ಮಾತ್ರ ಯಾವುದೋ ಪ್ರಬಂಧದಲ್ಲಿ, ಒಂದು ಪಟ್ಟಿಯಲ್ಲಿ, ಹದಿನಾರರ ಕೆಳಗೆ ಅಚ್ಚಾಗಿ ಕೂತಿದೆ. ಅದನ್ನು ಬರೆದವರು, ಓದಿ ಪಾಸು ಮಾಡಿದವರು, ಅದರ ಮೇಲೆ ನೌಕರಿ ಹಿಡಿದವರು ಇದನ್ನೂ ಓದುತ್ತಿರಬಹುದು. ಸತ್ತವರಿಗೆ ಬರಬೇಕಾದ ಬಾಕಿ ಮಕ್ಕಳ ಪಾಲಿಗೆ ಬರುತ್ತದೆ. ಸಗೀರಾ ಲಚ್ಯಾಣದಲ್ಲಿದ್ದಾಳೆ, ಅಲ್ಲಿಗೆ ಬಸ್ಸಿದೆ. ಆ ಒಂದು ಸಾಲನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ, ಆಕೆಯ ಎದುರಿಗೆ ಕೂತು ಓದಿ ಹೇಳ್ರಿ. ಆಮೇಲೆ ಆಕೆ ಕೇಳುವುದಕ್ಕೆ ಜವಾಬು ಕೊಡದೆ ಅಲ್ಲಿಂದ ಏಳಬೇಡ್ರಿ.