ಸುರ್ ಹಿಡಿಯುವವನ ಬಾಯಿ

ನಾನು ಇಪ್ಪತ್ತು ವರ್ಷ ಕ್ಲಾರಿನೆಟ್ ಊದಿದೆ. ಅದರಲ್ಲಿ ಬಹುಪಾಲು ವರ್ಷ ಒಂದೇ ಸ್ವರ ಊದಿದೆ. ಈ ಮಾತು ಕೇಳಿದವರು ನಗುತ್ತಾರೆ. ನಗಲಿ. ಸಿಟ್ಟು ಮಾಡುವಷ್ಟು ಕಸುವು ನನ್ನಲ್ಲಿ ಈಗ ಉಳಿದಿಲ್ಲ.

ನಮ್ಮ ಮನೆತನದ್ದು ಸನಾದಿ. ನಿಲಂಗಾದ ಗುಡಿಯಲ್ಲಿ ಕಾಕಾ ಸನಾದಿ ನುಡಿಸುತ್ತಿದ್ದ, ನಾನು ಅವನ ಬೆನ್ನ ಹಿಂದೆ ಕೂತು ಸುರ್ ಹಿಡಿಯುತ್ತಿದ್ದೆ. ಅಂದರೆ ಅವನು ಧಾಟಿ ಎಲ್ಲಿಗೆ ಒಯ್ದರೂ ನಾನು ಕೆಳಗೆ ಒಂದೇ ಸ್ವರವನ್ನು ಕಡಿಯದೆ ಊದುತ್ತಿರಬೇಕು. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುವುದನ್ನು ಕಲಿಯುವಷ್ಟರಲ್ಲಿ ನನ್ನ ಕಿವಿ ಎರಡು ಸಲ ಸೋರಿತ್ತು. ಒಮ್ಮೆ ಯಾರೂ ಇಲ್ಲವೆಂದು ಕಾಕಾನ ಸನಾದಿ ಎತ್ತಿ ಧಾಟಿ ಊದಿದೆ. ಅವನು ಬಂದವನೇ ಕಸಿದುಕೊಂಡ.

"ಸುರ್ ಹಿಡಿಯೋ ಬಾಯಿ ಹಾಡಬಾರ್ದು. ನುಡಿಸಾವ ತಪ್ಪಿದ್ರ ಅಂವಾ ತಿರುಗಿ ಬರೋತನಕ ನೀ ಅಲ್ಲೇ ನಿಂದಿರಬೇಕು. ಅಂವನ ಧಾಟಿ ನೀ ಎತ್ತಿಕೊಂಡ್ರ ಅಂವನ್ನ ಮಂದ್ಯಾಗ ಹೊಡದಂಗ," ಎಂದ.

ಆ ಮಾತು ನನ್ನ ಎಲುಬಿಗೆ ಇಳಿಯಿತು.

ಕಾಕಾ ತೀರಿಕೊಂಡ ಮೇಲೆ ನಾನು ಉಮರ್ಗಾಕ್ಕೆ ಬಂದು ಅಲ್ಲಿಯ ಬಾಜಾದ ಮೇಳ ಸೇರಿದೆ. ನಿಜಾಮರ ರಾಜ್ಯ ಅದು. ಉಳ್ಳವರ ಮನೆಯ ಮದುವೆಗೆ ಸನಾದಿ ಹಳತಾಗಿ, ಹಿತ್ತಾಳೆಯ ಬಾಜಾ ಬೇಕೆನ್ನುವ ಹುಚ್ಚು ಹತ್ತಿತ್ತು. ನಾವು ನಾಲ್ಕು ಮಂದಿ. ನಾನು ಸನಾದಿ ಬಿಟ್ಟು ಕ್ಲಾರಿನೆಟ್ ಹಿಡಿದೆ, ಅದರಲ್ಲೂ ಸುರ್ ಹಿಡಿಯುವುದೇ ನನ್ನ ಕೆಲಸವಾಯಿತು. ಉಸ್ತಾದರು ಕಾರ್ನೆಟ್ ಊದುತ್ತಿದ್ದರು. ಅದು ಮೂರು ಗುಂಡಿಯ ಸಣ್ಣ ಕಹಳೆ. ಹೈದರಾಬಾದಿನಲ್ಲಿ ಸರ್ಕಾರಿ ಪಲ್ಟಣಿಯ ಬ್ಯಾಂಡಿನಲ್ಲಿ ದುಡಿದು ಬಂದವರು, ಬೀದಿಯಲ್ಲಿ ನಾಯಿ ಅಟ್ಟುವಾಗಲೂ ಹೆಜ್ಜೆ ತಪ್ಪುತ್ತಿರಲಿಲ್ಲ. ದೊಡ್ಡ ಡೋಲು ಬಾರಿಸುವವನು ಕುರಿ ಕಾಯುವ ಮನೆಯವನು, ಬೀರಪ್ಪನ ಮುಂದೆ ಡೊಳ್ಳು ಬಡಿದು ಕೈ ಪಳಗಿಸಿಕೊಂಡವನು. ಮನೆಯ ಡೊಳ್ಳು ದೇವರದ್ದೆಂದು ಅದನ್ನು ಮದುವೆಗೆ ತರುತ್ತಿರಲಿಲ್ಲ, ಉಸ್ತಾದರ ಡೋಲನ್ನೇ ಬಾರಿಸುತ್ತಿದ್ದ. ನಾಲ್ಕನೆಯವನು ದಾಳಿಂಬದ ಶಿವಭಕ್ತರ ಮನೆಯ ಒಕ್ಕಲಿಗ. ಹೊಲ, ಎತ್ತು ಎಲ್ಲ ಇತ್ತು. ಭಜನೆಯ ತಾಳದ ಚಟ ಅವನನ್ನು ನಮ್ಮ ಹತ್ತಿರ ಎಳೆದು ತಂದಿತ್ತು.

ಈ ನಾಲ್ವರನ್ನು ಒಂದು ಮಾಡಲು ಉಸ್ತಾದರು ಪಟ್ಟ ಪಾಡು ಅಷ್ಟಿಷ್ಟಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಭಜನೆಯವನು ಹಾಡು ಮುಗಿಯುತ್ತ ಬಂದಂತೆ ತಾಳ ಓಡಿಸುತ್ತಿದ್ದ. "ಪಲ್ಟಣಿ ಓಡಂಗಿಲ್ಲೋ, ಶತ್ರು ಬಂದ್ರೂ ನಡಕೋತ ಹೋಗ್ತದ!" ಎಂದು ಉಸ್ತಾದರು ಕೂಗುತ್ತಿದ್ದರು. ಡೋಲಿನವನು ಒಮ್ಮೆ ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಬೀರಪ್ಪನ ಮುಂದೆ ಮೈತುಂಬಿದವನು ಬಿದ್ದರೂ ಡೊಳ್ಳು ನಿಲ್ಲಬಾರದಂತೆ. ನನ್ನ ಒಂದೇ ಸ್ವರ ಕೇಳಿ ಉಸ್ತಾದರು ಮೊದಲಿಗೆ ತಲೆ ಚಚ್ಚಿಕೊಂಡರು, ಪಲ್ಟಣಿಯಲ್ಲಿ ಇಂಥದ್ದು ಇಲ್ಲವೆಂದರು. ಆಮೇಲೆ ತಾವು ಉಸಿರೆಳೆದುಕೊಳ್ಳುವಾಗ ಬಾಜಾ ಬರಿದಾಗುವುದಿಲ್ಲ ಎಂಬುದು ಅವರಿಗೆ ತಿಳಿಯಿತು. ನನ್ನನ್ನು ಹಾಗೇ ಬಿಟ್ಟರು.

ಅವರು ನುಡಿಸುವ ಪ್ರತಿಯೊಂದು ಧಾಟಿಯೂ ಮೊದಲ ವರ್ಷದಲ್ಲೇ ನನಗೆ ಬಾಯಿಪಾಠವಾಗಿತ್ತು. ಕೆಳಗೆ ನಿಂತವನಿಗೆ ಮೇಲಿನದೆಲ್ಲ ಕೇಳಿಸುತ್ತದೆ. ಹಳ್ಳದ ದಂಡೆಗೆ ಒಬ್ಬನೇ ಹೋಗಿ ಎಲ್ಲವನ್ನೂ ಊದಿ ನೋಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಮೂವತ್ತು ದಾಟಿದ ಗಂಡಸು, ಕದ್ದು ಬೆಲ್ಲ ತಿನ್ನುವವನ ಹಾಗೆ ಬಾಯಿ ಒರೆಸಿಕೊಂಡು ಬರುತ್ತಿದ್ದೆ.

ಬಾಜಾದ ಕೆಲಸವೆಂದರೆ ನಡೆಯುವ ಕೆಲಸ. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಜಳಕೋಟದ ಕಡೆಯ ಹಳ್ಳಿಗಳು, ತಿರುಗಿ ಉಮರ್ಗಾ. ಬಂಡಿ ಸಿಕ್ಕರೆ ಡೋಲಿಗೆ ಜಾಗ, ನಮಗೆ ಧೂಳು. ಉಸ್ತಾದರ ಮೊಣಕಾಲು ಬಾತು ಹೋಗಿದ್ದವು. ಅದಕ್ಕಿಂತ ದೊಡ್ಡ ಸಂಕಟ ಹಲ್ಲಿನದು. ಮುಂದಿನ ಎರಡು ಹಲ್ಲು ಅಲುಗಾಡುತ್ತಿದ್ದವು. ಕಾರ್ನೆಟ್ಟನ್ನು ತುಟಿಗೆ ಒತ್ತಿದರೆ ಅವು ಒಳಕ್ಕೆ ಬಾಗುತ್ತಿದ್ದವು. ಲವಂಗ ಕಚ್ಚಿ, ಒಸಡಿಗೆ ಅರಿವೆ ಒತ್ತಿ ಅವರು ಊದುತ್ತಿದ್ದರು. ಮೇಲಿನ ಸ್ವರಕ್ಕೆ ಏರುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಅಷ್ಟರಲ್ಲಿ ಉದಗೀರದಿಂದ ಸುದ್ದಿ ಬಂತು. ಅಲ್ಲಿಯ ಜಾಗೀರದಾರರೊಬ್ಬರಿಗೆ ತಮ್ಮ ವಾಡೆಗೆ ಖಾಯಂ ಬಾಜಾ ಬೇಕಾಗಿತ್ತು. ಉಸ್ತಾದರಿಗೆ ವಾಡೆಯ ಹಿಂದೆಯೇ ಇರಲು ಖೋಲಿ ಸಿಗುತ್ತಿತ್ತು. ಹೊಸಬರಿಗೆ ಕಲಿಸುವುದು, ಯಾರಾದರೂ ದೊಡ್ಡವರು ಬಂದಾಗ ಸಲಾಮಿ ನುಡಿಸುವುದು, ಅಷ್ಟೇ ಕೆಲಸ. ನಡೆಯುವುದು ತಪ್ಪುತ್ತಿತ್ತು. ಆದರೆ ಮೊದಲು ವಾಡೆಗೆ ಹೋಗಿ ಒಂದು ಸಲಾಮಿ ನುಡಿಸಿ ತೋರಿಸಬೇಕಿತ್ತು.

"ಹಲ್ಲಿದ್ದಾಗ ಕಡ್ಲಿ ಇದ್ದಿಲ್ಲ, ಈಗ ಕಡ್ಲಿ ಬಂದಾವ ನೋಡ್ರಿ ಉಸ್ತಾದ್," ಎಂದು ಡೋಲಿನವನು ಕಾಡಿಸಿದ.

ಉಸ್ತಾದರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಒಂದ್ ಸಲಾಮಿ ಪಾರಾದ್ರ ಸಾಕು ಬೇಟಾ. ಇನ್ನ ನನ್ನ ಕೈಲಿಂದ ನಡೀಲಿಕ್ಕ ಆಗಂಗಿಲ್ಲ," ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಪಲ್ಟಣಿಯ ಬಿಗಿ ಇರಲಿಲ್ಲ.

ಉದಗೀರದ ವಾಡೆಯ ಅಂಗಳದಲ್ಲಿ ನಡು ಮಧ್ಯಾಹ್ನ ನಮ್ಮನ್ನು ನಿಲ್ಲಿಸಿದರು. ಸಲಾಮಿ ಸರ್ಕಾರದ ಧಾಟಿ. ಅದು ಶುರುವಾದರೆ ಎಲ್ಲರೂ ಎದ್ದು ನಿಲ್ಲಬೇಕು, ಮುಗಿಯುವ ತನಕ ಯಾರೂ ಕೂಡಬಾರದು. ಉಸ್ತಾದರು ಊದಿದರು. ಪಡಸಾಲೆಯ ಗಾದಿಯಿಂದ ಜಾಗೀರದಾರರು ಎದ್ದರು, ಮುನ್ಶಿ ಎದ್ದ, ನೆಂಟರು, ಆಳುಗಳು ಎಲ್ಲರೂ ಸೆಟೆದು ನಿಂತರು. ಅರ್ಧ ಧಾಟಿ ಬಂಗಾರದ ಹಾಗೆ ಹೋಯಿತು. ಮೇಲೇರುವ ಕಡೆ ಕಾರ್ನೆಟ್ ಒಮ್ಮೆ ಚೀರಿ ನಿಂತುಬಿಟ್ಟಿತು.

ನಾನು ಸುರ್ ಹಿಡಿದೆ. ಅವರು ತಿರುಗಿ ಬರುತ್ತಾರೆಂದು ಕಾದೆ. ಡೋಲಿನವನಿಗೆ ನಿಲ್ಲಿಸುವುದು ಗೊತ್ತೇ ಇಲ್ಲ, ಅವನು ಬಾರಿಸುತ್ತಲೇ ಹೋದ. ಗಾಬರಿಯಾದ ತಾಳದವನು ಓಟ ಕಿತ್ತ. ಸಲಾಮಿ ಮುಗಿದಿಲ್ಲವಾದ್ದರಿಂದ ಜಾಗೀರದಾರರು ಕೂಡುವಂತಿಲ್ಲ. ಆ ಬಿಸಿಲಿನಲ್ಲಿ ನನ್ನ ಒಂದು ಸ್ವರ ಇಡೀ ವಾಡೆಯನ್ನು ನಿಲ್ಲಿಸಿಕೊಂಡು ಊದುತ್ತಲೇ ಇತ್ತು. ಮುಂದಿನ ಧಾಟಿ ನನ್ನ ಬೆರಳಿನ ತುದಿಯಲ್ಲಿತ್ತು. ಉಸ್ತಾದರು ಒಮ್ಮೆ ನನ್ನನ್ನು ನೋಡಿದರು. ನಾನು ಕಣ್ಣು ಕೆಳಗೆ ಹಾಕಿ ಇನ್ನೂ ಗಟ್ಟಿಯಾಗಿ ಸುರ್ ಹಿಡಿದೆ, ಅದೇ ಮರ್ಯಾದೆ ಎಂದುಕೊಂಡೆ. ಕೊನೆಗೆ ಮುನ್ಶಿ ಕೈ ಎತ್ತಿ ಬೀಸಿದ. ಯಾರೋ ಕಿಸಕ್ಕೆಂದು ನಕ್ಕರು.

ಖಬರು ಕಳಿಸುತ್ತೇವೆಂದರು. ಕಳಿಸಲಿಲ್ಲ.

ತಿರುಗಿ ಬರುವಾಗ ನಿಲಂಗಾದ ದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತೆವು. ನಾನು ರೊಟ್ಟಿ ಮುರಿದು, ತಿನ್ನದೆ ಕೈಯಲ್ಲೇ ಹಿಡಿದು ಕೂತಿದ್ದೆ. ಉಸ್ತಾದರು ಅದನ್ನು ನೋಡಿದರು.

"ನಿಂದೇನ್ ತಪ್ಪದ? ಪಲ್ಟಣಿದಾಗ ಮುಂದಿನಾವ ಬಿದ್ರ ಹಿಂದಿನಾವ ಅಂವನ ಜಾಗಾಕ್ಕ ಬರ್ತಾನ, ಬಾಜಾದಾಗೂ ಹಂಗೇ. ಖರೆ, ನಿನಗ ಧಾಟಿ ಬರಂಗಿಲ್ಲಲ್ಲ. ನಾನೇ ಕಲಿಸಿಲ್ಲ. ಬರ್ತಿದ್ರ ನೀ ಬಿಡ್ತಿದ್ದಿಲ್ಲ, ಅದು ನನಗ ಗೊತ್ತದ."

ಬರುತ್ತದೆ ಎನ್ನಲು ಬಾಯಿ ತೆರೆದೆ. ರೊಟ್ಟಿಯನ್ನೇ ತುರುಕಿಕೊಂಡೆ. ಹೇಡಿತನಕ್ಕೆ ನಾನು ಬೇರೆ ಹೆಸರು ಕೊಡಲಾರೆ.

ಅದಾಗಿ ಐದಾರು ತಿಂಗಳಿಗೆ ದಾಳಿಂಬದಲ್ಲಿ ಒಂದು ಮದುವೆ. ನಮ್ಮ ತಾಳದವನ ನೆಂಟರದ್ದೇ. ಅಕ್ಕಿಕಾಳು ಬಿದ್ದು ಮಂದಿ ಊಟಕ್ಕೆ ಏಳುವ ಹೊತ್ತಿಗೆ ಪೊಲೀಸ್ ಅಮೀನರು ಕುದುರೆ ಇಳಿದು ಬಂದರು. ಸಲಾಮಿ ನುಡಿಸಲೇಬೇಕಾಯಿತು. ಉಸ್ತಾದರು ಊದಿದರು. ಅದೇ ಏರಿನಲ್ಲಿ ಕಾರ್ನೆಟ್ ನಿಂತಿತು. ಅವರ ತುಟಿಯ ಮೇಲೆ ರಕ್ತ ಕಂಡಿತು.

ಡೋಲಿನ ಎರಡು ಪೆಟ್ಟಿನ ತನಕ ನಾನು ಸುರ್ ಹಿಡಿದಿದ್ದೆ. ಮೂರನೆಯ ಪೆಟ್ಟಿಗೆ ನನ್ನ ಬೆರಳು ತಾವೇ ಎದ್ದವು. ಕಾಕಾನ ಮಾತು ನೆನಪಿಗೆ ಬರುವಷ್ಟರಲ್ಲಿ ನಾನು ಧಾಟಿಯ ನಡುವೆ ಇದ್ದೆ. ಡೋಲಿನವನು ಕಣ್ಣರಳಿಸಿ ನೋಡಿದ. ತಾಳದವನು ಬೆರಗಿಗೋ ಏನೋ, ಓಡುವುದನ್ನು ಮರೆತ. ಸಲಾಮಿ ಮುಗಿಯಿತು, ಅಮೀನರು ಕೂತರು, ಮಂದಿ ಹುಗ್ಗಿಯ ಕಡೆ ನಡೆದರು. ಏನಾಯಿತೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಉಸ್ತಾದರ ಬೆರಳುಗಳು ಮಾತ್ರ ಊದದ ಕಾರ್ನೆಟ್ಟಿನ ಗುಂಡಿಗಳ ಮೇಲೆ ಕೊನೆಯ ಸ್ವರದವರೆಗೂ ಆಡುತ್ತಿದ್ದವು. ನನಗೆ ಆ ಹೊತ್ತಿನಲ್ಲಿ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಊಟವಾದ ಮೇಲೆ ಅವರು ಬಾವಿಯ ಕಟ್ಟೆಯ ಮೇಲೆ ಬಾಯಿ ತೊಳೆದುಕೊಳ್ಳುತ್ತಿದ್ದರು. ನಾನು ನೀರು ಹಾಕುತ್ತಿದ್ದೆ.

"ಈ ಧಾಟಿ ನಿನಗ ಯಾವಾಗ ಬಂತು?"

ಈಗೀಗ ಕಲಿತೆ ಎನ್ನಬಹುದಾಗಿತ್ತು. ಅವರು ನಂಬುತ್ತಿದ್ದರು. ಆದರೆ ಬೇವಿನ ಮರದ ಕೆಳಗೆ ನುಂಗಿದ್ದನ್ನು ಇನ್ನೊಮ್ಮೆ ನುಂಗಲು ನನ್ನಿಂದಾಗಲಿಲ್ಲ.

"ಬಂದ ವರ್ಷೇ ಬಂದದ್ರಿ ಉಸ್ತಾದ್."

ಅವರು ಬೊಗಸೆ ಒಡ್ಡಿದರು. ನೀರು ತುಂಬಿ, ಬೆರಳಿನ ಸಂದಿನಿಂದ ಸೋರಿ ಹೋಯಿತು. ಅವರು ಅದನ್ನು ಬಾಯಿಗೆ ಒಯ್ಯಲಿಲ್ಲ.

"ಉದಗೀರ್ದಾಗ ಬರ್ತಿತ್ತು?"

"ಹೂಂನ್ರಿ."

"ಮತ್ತ?"

"ನೀವು ತಿರುಗಿ ಬರ್ತೀರಂತ ದಾರಿ ಕಾಯ್ಲತ್ತಿದ್ದೆರಿ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇಂದಿಗೆ ಹಗುರಾಗಿರುತ್ತಿದ್ದೆ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಬಗ್ಗದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎದ್ದರು. "ಛಲೋ ಊದಿದಿ," ಎಂದರು. ಮದುವೆಯವರ ಬಂಡಿ ತುಂಬಿ ಹೋಗಿತ್ತು, ನಾವು ನಡೆದೇ ಹೊರಡಬೇಕಿತ್ತು. ಬಾಜಾದಲ್ಲಿ ಧಾಟಿ ನುಡಿಸುವವನು ಮುಂದೆ ನಡೆಯುವುದು ಪದ್ಧತಿ. ಉಸ್ತಾದರು ತಾವಾಗಿ ಡೋಲಿನ ಹಿಂದೆ ಹೋಗಿ ನಿಂತು, ಮುಂದೆ ನಡೆ ಎಂದು ನನಗೆ ಕೈ ಮಾಡಿದರು.

ನಡೆದೆ. ಹಿಂದಿನಿಂದ ಅವರ ಕಾಲೆಳೆಯುವ ಸಪ್ಪಳ ಕೇಳುತ್ತಿತ್ತು. ಉಮರ್ಗಾ ಮುಟ್ಟುವ ತನಕ ನಾನು ತಿರುಗಿ ನೋಡಲಿಲ್ಲ. ಅವರಿಗೆ ತೋರಿಸುವ ಮುಖ ನನ್ನಲ್ಲಿರಲಿಲ್ಲ.